ಬೇಕರಿ ಗೋಡೆಯ ಕೈಗೊಡಲಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬೇಕರಿ ಮಾಲೀಕರು ಠಾಣೆಗೆ ಬಂದು, ಅಂಗಡಿಯ ಗೋಡೆಗೆ ಅಲಂಕಾರಕ್ಕೆಂದು ತೂಗುಹಾಕಿದ್ದ ಹಳೆಯ ಕೈಗೊಡಲಿ ಕಳುವಾಗಿದೆಯೆಂದು ದೂರು ಕೊಟ್ಟರು. ತಾತನ ಕಾಲದ್ದು, ಮೇಲೆ ಚಿನ್ನದ ಬಣ್ಣ ಬಳಿಸಿದ್ದು. ಗಿರಾಕಿಗಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರಂತೆ.

"ಗಲ್ಲಾಪೆಟ್ಟಿಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮುಟ್ಟಿಲ್ಲ ಸಾರ್."

"ಬೀಗ?"

"ಹಾಕಿದ ಹಾಗೇ ಇದೆ."

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಪೆನ್ನಿಗೆ ಮುಚ್ಚಳ ಹಾಕುತ್ತ, "ಕೊಡಲಿ ಕಾವು ಕುಲಕ್ಕೆ ಮೃತ್ಯು ಸಾರ್. ಒಳಗಿನವರದೇ ಕೆಲಸ," ಎಂದರು. ಇಷ್ಟು ಸರಿಯಾಗಿ ಕೂರುವ ಗಾದೆ ಅವರ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ.

ಸ್ಥಳ ಪಂಚನಾಮೆಗೆ ಹೋದಾಗ ಗೋಡೆಯ ಮೇಲೆ ಮೊಳೆಯಿತ್ತು, ತಂತಿಯೂ ಇತ್ತು. ತಂತಿಯನ್ನು ಕತ್ತರಿಸಿರಲಿಲ್ಲ, ಸುತ್ತು ಸುತ್ತಾಗಿ ಬಿಚ್ಚಿದ್ದರು. ಇನ್ಸ್‌ಪೆಕ್ಟರ್ ಅದನ್ನು ಬರೆಸುತ್ತಿದ್ದರೆ ಹೆಡ್ ಕಾನ್‌ಸ್ಟೆಬಲ್ ಹಿಂಬಾಗಿಲ ಬಳಿ ನಿಂತುಬಿಟ್ಟಿದ್ದರು.

"ನಾವು ಚಿಕ್ಕವರಿದ್ದಾಗ ಇಲ್ಲಿ ಸೌದೆ ಒಲೆ ಇತ್ತು ಸಾರ್. ಸೌದೆ ಸೀಳೋಕೆ ಒಬ್ರಿದ್ರು, ಎಲ್ರೂ ಸೌದೆಯಮ್ಮ ಅಂತಿದ್ವಿ. ಬಿರುಕು ಬಿಟ್ಟ ಬನ್ನು ಇದೇ ಬಾಗಿಲಿಂದ ನಮ್ಮ ಕೈಗೆ ಬರೋದು. ಆ ಹೊಗೆ ವಾಸನೆ ಈಗಿನ ಬನ್ನಿಗಿಲ್ಲ ಬಿಡಿ."

ಅಂಗಡಿಯ ಕೀಲಿ ಮೂವರ ಬಳಿಯಿತ್ತು. ಒಬ್ಬರು ಮಾಲೀಕರು. ಕ್ಯಾಷಿಯರಮ್ಮ ಅಕ್ಕನ ಊರಿಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಉಳಿದವನು ಬೆಳಗಿನ ಬ್ರೆಡ್ ಒಯ್ಯುವ ವ್ಯಾನ್ ಡ್ರೈವರ್, ಐವತ್ತರ ಆಸುಪಾಸಿನ ಮಾತು ಕಡಿಮೆಯ ಮನುಷ್ಯ.

"ಉಗುರಲ್ಲಿ ಏನದು?"

"ಬಣ್ಣ ಸಾರ್."

"ಎಲ್ಲಿಂದ ಬಂತು?"

ಅವನು ಕೈಯನ್ನು ಜೇಬಿಗೆ ಸೇರಿಸಿದ.

ಮಧ್ಯಾಹ್ನ ಪಂಚರ ಸಮಕ್ಷಮ ಅವನ ಕೋಣೆಯನ್ನು ಶೋಧಿಸಿದರು. ಕಿಟಕಿಯ ಕಟ್ಟೆಯ ಮೇಲೆ ಥಿನ್ನರ್ ಶೀಶೆ, ಸಾಣೆಕಲ್ಲು, ಒಂದು ಬಟ್ಟಲು ಅಗಸೆ ಎಣ್ಣೆ. ಪಕ್ಕದಲ್ಲಿ ಮೆತ್ತನೆಯ ಹಳೆಯ ಟವೆಲಿನ ಮೇಲೆ ಕೈಗೊಡಲಿ. ಹೊಳೆಯುವ ಬಣ್ಣವಿಲ್ಲ. ಕಬ್ಬಿಣ ತನ್ನ ಕಪ್ಪಿಗೆ ಮರಳಿತ್ತು, ಅದರ ಮೇಲೆ ಕಮ್ಮಾರ ಒತ್ತಿದ ಪುಟ್ಟ ಮೀನಿನ ಮುದ್ರೆ ಕಾಣುತ್ತಿತ್ತು. ಕಾವು ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು.

ಗುರುತು ಹಿಡಿಯಲು ಮಾಲೀಕರನ್ನು ಕರೆಸಿದರು. ಅವರು ಅತ್ತಿತ್ತ ತಿರುಗಿಸಿ ನೋಡಿ ತಲೆಯಾಡಿಸಿದರು.

"ಇದಲ್ಲ ಸಾರ್. ನಮ್ಮದು ಫಳಫಳ ಅಂತಿತ್ತು. ಮೀನುಗೀನು ಏನೂ ಇರಲಿಲ್ಲ."

ದೂರುದಾರರೇ ಗುರುತಿಸದಿದ್ದರೆ ಕೇಸು ಅಲ್ಲಿಗೇ ಬಿತ್ತು. ಡ್ರೈವರ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಕೊಡಲಿಯ ಸಮೇತ ಸಂಜೆಗೆ ಮನೆಯಲ್ಲಿರುತ್ತಿದ್ದ.

"ಇದೇ ಸಾರ್ ಅದು," ಎಂದುಬಿಟ್ಟ. "ನಮ್ಮಮ್ಮಂದು. ಮೀನು ಬಣ್ಣದ ಅಡಿಗೆ ಹೋಗಿತ್ತು. ಕಬ್ಬಿಣ ಕಾವು ಸೇರೋ ಸಂದಿ ನೋಡಿ, ಚಿನ್ನದ ಬಣ್ಣ ಇನ್ನೂ ಇದೆ. ಬಿಚ್ಚಿದ್ರೆ ಕಾವು ಸೀಳುತ್ತೆ ಅಂತ ಮುಟ್ಟಲಿಲ್ಲ."

ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದರು. ಸಂದಿಯಲ್ಲಿ ಬಣ್ಣವಿತ್ತು.

"ನೀನು ಸೌದೆಯಮ್ಮನ ಮಗನೇನಯ್ಯಾ?" ಹೆಡ್ ಕಾನ್‌ಸ್ಟೆಬಲ್ ಎದ್ದುನಿಂತರು. ಅವನು ಹೌದೆಂದು ತಲೆಯಾಡಿಸಿದ.

"ಕಾವು ಬದಲಾಯಿಸಿದ್ರೆ ಆ ಬಣ್ಣವೂ ಉಳೀತಿರಲಿಲ್ಲವಲ್ಲ," ಎಂದರು ಇನ್ಸ್‌ಪೆಕ್ಟರ್.

"ಕಾವೇ ಹೋದ್ಮೇಲೆ ಕದ್ದು ಏನು ಸುಖ ಸಾರ್? ಅಮ್ಮನ ಕೈ ಇರೋದೇ ಅಲ್ಲಿ."

ಕಾವಿನ ಮೇಲೆ ಹೆಬ್ಬೆರಳಿನಷ್ಟು ಜಾಗ ಸವೆದು ತಗ್ಗಾಗಿತ್ತು. ಸೌದೆಯಮ್ಮ ಕೊಡಲಿ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ, ಗುರುತು ಆ ಕಡೆಗೇ ಇತ್ತು. ಅಲ್ಲಾಡದಿರಲೆಂದು ಅದೇ ಕಾವಿಗೆ ತೂತು ಕೊರೆದು ಗೋಡೆಗೆ ಸ್ಕ್ರೂ ಹೊಡೆಸುವುದಾಗಿ ಮಾಲೀಕರು ಹೇಳಿದ್ದರು. ಬೇಡ, ನನಗೆ ಕೊಟ್ಟುಬಿಡಿ ಎಂದು ಇವನು ಕೇಳಿದ್ದ. ಅವರು ನಕ್ಕಿದ್ದರು.

"ತಮಾಷೆಗೆ ಕೇಳ್ತಿದ್ದಾನೆ ಅಂದ್ಕೊಂಡೆ," ಎಂದರು ಮಾಲೀಕರು, ಯಾರ ಮುಖವನ್ನೂ ನೋಡದೆ.

ಕಳ್ಳತನ ಕಳ್ಳತನವೇ. ಸಂಜೆ ಐದಕ್ಕೆ ಡ್ರೈವರನ್ನು ಬಂಧಿಸಲಾಯಿತು. ಸಹಿ ಹಾಕಿದ ಮೇಲೆ ಅವನು ಕೇಳಿದ್ದು ಜಾಮೀನಿನ ವಿಷಯವನ್ನಲ್ಲ.

"ಇದನ್ನ ಇಡೋ ಕೋಣೆ ತೇವ ಇದೆಯಾ ಸಾರ್?"

"ಮೇಲಿನ ಗೂಡಲ್ಲಿಡ್ತೀನಿ ಬಿಡಪ್ಪ," ಎಂದರು ಹೆಡ್ ಕಾನ್‌ಸ್ಟೆಬಲ್. ಕಾವಿಗೆ ಗೀರು ಬೀಳದಿರಲೆಂದು ಜಪ್ತಿ ಚೀಟಿಯನ್ನು ತಂತಿಯ ಬದಲು ಹತ್ತಿ ದಾರದಿಂದ ಕಟ್ಟಿದರು. ಕಣ್ಣೊರೆಸಿಕೊಂಡು, ಅದರ ಮೇಲೆ ದುಂಡಗೆ ಬರೆದರು: ಹಳೆಯ ಕೈಗೊಡಲಿ ಒಂದು. ಕಾವು ಮೊದಲಿನದೇ.