ತೆರೆದಿಟ್ಟ ಡಿ ಡ್ರೈವ್

ನಿರಂಜನ್ ಕಂಪ್ಯೂಟರ್ ಸೆಂಟರಿನೊಳಗೆ ಬಂದವನೇ ಮೂಲೆಯ ಕಂಪ್ಯೂಟರಿನ ಹಿಂದೆ ಕೈ ಹಾಕಿ ಇಂಟರ್ನೆಟ್ ವೈರನ್ನು ಕಿತ್ತುಬಿಟ್ಟ.

ಆಗಷ್ಟೇ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದ ಉಷಾರಾಣಿ ಪೊರಕೆ ಹಿಡಿದೇ ಓಡಿಬಂದಳು. “ಏನ್ರಿ ಇದು? ನಿಮ್ಮನೇದಾ?”

“ಸಿಟ್ಟಾಗ್ಬ್ಯಾಡ್ರಿ.” ಅವನು ಚಿಕ್ಕಜಾಜೂರಿನಿಂದ ಬೈಕನ್ನು ಒಂದೇ ಉಸಿರಿಗೆ ಓಡಿಸಿಕೊಂಡು ಬಂದಿದ್ದ. “ಆ ಹಾಡಿಳಿಸೋ ಹಸಿರು ಐಕಾನಿನ ಪ್ರೋಗ್ರಾಂ ಹಾಕಿದೀರಾ?”

ಅವಳ ಕೆನ್ನೆ ಬಿಸಿಯಾಯಿತು. ಹಾಕಿದ್ದಳು. ಮೂರು ದಿನದ ಹಿಂದೆ, ಅವನಿಗೋಸ್ಕರವೇ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಪಂಚಾಕ್ಷರಪ್ಪನವರ ಕಂಪ್ಯೂಟರ್ ಸೆಂಟರಿಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ಅದು, ಎರಡು ಸಾವಿರದ ಆರು. ಉಷಾರಾಣಿ ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಳು. ಅರ್ಜಿ, ಬಯೋಡೇಟಾ ಮಾಡಿಕೊಡುತ್ತಿದ್ದಳು. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುವ ನಿರಂಜನ್ ಟೈಪಿಂಗ್ ಕಲಿಯಲು ಬಂದವನು, ಕಲಿತು ಮುಗಿದ ಮೇಲೂ ಬರುತ್ತಲೇ ಇದ್ದ. ಮೌಸ್ ಸರಿಮಾಡುವ ನೆಪ. ಕೆಡದೇ ಇದ್ದ ಮೌಸನ್ನೂ ಬಿಚ್ಚಿಕೊಂಡು ಕೂರುತ್ತಿದ್ದ. ಅವಳು ಕೆಲಸ ಮಾಡುವವಳ ಹಾಗೆ ನಟಿಸುತ್ತಾ ಮಾನಿಟರಿನ ಗಾಜಿನಲ್ಲಿ ಅವನ ಮುಖ ನೋಡುತ್ತಿದ್ದಳು.

“ಹಾಡು ಇಳಿಸ್ಕೊಳ್ಳಕೆ ಯಾವ ಪ್ರೋಗ್ರಾಂ ಒಳ್ಳೇದ್ರಿ?” ಎಂದು ಒಮ್ಮೆ ಕೇಳಿದ್ದಳು.

“ಮೂರು ಪ್ರೋಗ್ರಾಂ ಹಾಕಿ ನೋಡಿದೀನಿ. ನೀಲೀದ್ರ ಬೆನ್ನಿಗೇ ಜಾಹೀರಾತು, ವೈರಸ್ಸು ಎಲ್ಲಾ ಬರ್ತವೆ. ತುಂಡು ತುಂಡಾಗಿ ತರೋದು ಒಂದೈತೆ, ಹಳೇ ಹಾಡು ಅದ್ರಾಗೆ ಸಿಗಲ್ಲ. ಹಸಿರುದು ಬಲು ಸ್ಪೀಡು. ಆದ್ರೆ ಅದೇ ಅಪಾಯ ಕಣ್ರಿ. ನಾವು ಬೇರೆಯೋರ ಹತ್ರ ತಗೊಂಡಂಗೆ, ಅವರೂ ನಮ್ಮ ಹತ್ರ ಇರೋದ್ನ ತಗೋತಾರೆ. ಯಾವ ಫೋಲ್ಡರ್ ಕೊಡ್ಬೇಕು ಅಂತ ನೋಡಿ ಹೇಳ್ದಿದ್ರೆ ಎಲ್ಲಾ ತೆರೆದಿಟ್ಟಂಗೆ.”

“ನಿಮ್ಮ ಹತ್ರ ತಗೊಳ್ಳೋ ಅಂಥದ್ದು ಏನೈತ್ರಿ?”

“ಒಂದಿತ್ತು. ಹೋಗೈತೆ,” ಎಂದು ಅವನು ಕಿವಿಯವರೆಗೂ ಕೆಂಪಾಗಿದ್ದ.

ಅವನು ಗುನುಗುವ ಹಳೆಯ ಹಾಡುಗಳನ್ನೆಲ್ಲ ಒಂದು ಸಿಡಿಗೆ ಹಾಕಿ ಕೊಡುವ ಆಸೆ ಅವಳಿಗೆ. ಅಂದಿನಿಂದಲೇ ಹಸಿರು ಪ್ರೋಗ್ರಾಮಿನ ಮೇಲೆ ಕಣ್ಣಿಟ್ಟಿದ್ದಳು. ಕೊನೆಗೊಂದು ದಿನ ಅದನ್ನು ಹಾಕುವಾಗ ಅದು ಕೇಳಿದ್ದನ್ನು ಓದದೆ ಮುಂದೆ, ಮುಂದೆ ಎಂದು ಒತ್ತಿ, ರಾತ್ರಿಯೂ ಕಂಪ್ಯೂಟರ್ ಆರಿಸದೆ ಬಿಟ್ಟಿದ್ದಳು.

“ಇವತ್ತು ಬೆಳಿಗ್ಗೆ ಮನೇಲಿ, ನಮ್ಮೂರ ಕಡೇದು ಏನಾದ್ರೂ ಐತಾ ಅಂತ ಆ ಹಸಿರುದ್ರಾಗೆ ಹೊಳಲ್ಕೆರೆ ಅಂತ ಹುಡುಕಿದೆ,” ಎಂದ ನಿರಂಜನ್, ಕಿತ್ತ ವೈರನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ. “ಸೆಂಟರಿನ ಹೆಸರಲ್ಲೇ ನಿಮ್ಮ ಡಿ ಡ್ರೈವ್ ಪೂರ್ತಿ ಕಾಣ್ತು. ಫೋನ್ ಮಾಡಿದ್ರೆ ಇಲ್ಲಿ ಯಾರೂ ಎತ್ತಲಿಲ್ಲ.”

ಪೊರಕೆ ಅವಳ ಕೈಯಿಂದ ಜಾರಿತು. ಡಿ ಡ್ರೈವಿನಲ್ಲಿ ಊರಿನ ಹೆಣ್ಣುಮಕ್ಕಳ ಮದುವೆ ಬಯೋಡೇಟಾಗಳಿದ್ದವು. ಫೋಟೊ, ವಿಳಾಸ, ಫೋನ್ ನಂಬರ್ ಎಲ್ಲ. ನಂಬಿ ಕೊಟ್ಟಿದ್ದರು. ಯಾವ ದೇಶದ ಯಾವ ಕಣ್ಣು ಅವನ್ನು ನೋಡುತ್ತಿದೆಯೋ!

ಹೊರಗೆ ಹೋದ ಫೈಲುಗಳ ಪಟ್ಟಿಯನ್ನು ತೆರೆದಳು. ಆರು ಹೋಗಿದ್ದವು. ನಾಲ್ಕು ಹಾಡು. ಐದನೆಯದು ಅನುಸೂಯ ಟೀಚರ ಬಯೋಡೇಟಾ. ಗಂಡ ತೀರಿಕೊಂಡ ಮೇಲೆ ಇನ್ನೊಂದು ಮದುವೆಗೆಂದು, ಮನೆಯವರಿಗೂ ಹೇಳದೆ ಅವರು ಗುಟ್ಟಾಗಿ ಮಾಡಿಸಿದ್ದು.

ಆರನೆಯ ಫೈಲಿನ ಹೆಸರು ‘ನಿರಂಜನ್’.

ಉಷಾರಾಣಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವನಿಗೆ ಹೇಳಲಾಗದ್ದನ್ನೆಲ್ಲ ಅದರಲ್ಲಿ ಟೈಪ್ ಮಾಡಿಟ್ಟಿದ್ದಳು.

“ಅದು ನನ್ನ ಹತ್ರ ಬಂದೈತೆ,” ನಿರಂಜನ್ ನೆಲ ನೋಡುತ್ತಾ ಹೇಳಿದ. “ನನ್ನ ಹೆಸರು ಕಂಡು ಕ್ಲಿಕ್ ಮಾಡ್ಬಿಟ್ಟೆ. ಇಳಿದ ಮ್ಯಾಲೆ ತಪ್ಪು ಅನ್ನಿಸ್ತು. ತೆಗೆದು ಓದಿಲ್ಲ, ನಿಮ್ಮಾಣೆ.”

“ಅದಿರ್ಲಿ. ಟೀಚರ ಮುಖ ಹೆಂಗ್ರಿ ನೋಡ್ಲಿ?”

ಅಷ್ಟರಲ್ಲಿ ಪಂಚಾಕ್ಷರಪ್ಪನವರು ಬಂದರು. ಅವಳು ಏನನ್ನೂ ಮುಚ್ಚಿಡಲಿಲ್ಲ. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿತು.

“ವೈರ್ ಕಿತ್ತಾಯ್ತಲ್ಲ, ಸುಮ್ಕಿರು. ಊರಿಗೆ ಗೊತ್ತಾದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾಗ್ತೈತೆ.”

“ಹೇಳ್ದಿದ್ರೆ ನಾಳೆ ಯಾರೋ ಟೀಚರಿಗೆ ಫೋನ್ ಮಾಡ್ತಾರೆ ಸರ್.”

“ಹೇಳಕೆ ಹೋದ್ರೆ ಮತ್ತೆ ಇಲ್ಲಿಗೆ ಬರ್ಬ್ಯಾಡಮ್ಮ.”

ಮನೆಯ ಸಂತೆ ಸಾಮಾನು ಬರುತ್ತಿದ್ದುದೇ ಅವಳ ಸಂಬಳದಿಂದ. ಆದರೂ ಮೆಟ್ಟಿಲಿಳಿದಳು. ನಿರಂಜನ್ ಬೈಕ್ ತಳ್ಳಿಕೊಂಡು ನಾಲ್ಕು ಹೆಜ್ಜೆ ಹಿಂದೆ ಬಂದ. ಟೀಚರ ಮನೆ ಮುಂದಿನ ಬೇವಿನ ಮರದ ಹತ್ತಿರವೇ ನಿಂತ.

ಅನುಸೂಯ ಟೀಚರ್ ಶಾಲೆಗೆ ಹೊರಟಿದ್ದರು. ವಿಷಯ ಕೇಳಿ ಬ್ಯಾಗು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತರು.

“ನಿನ್ನ ಮ್ಯಾಲೆ ಸಿಟ್ಟು ಬಂದೈತೆ ಉಷಾ. ಇಲ್ಲ ಅಂದ್ರೆ ಸುಳ್ಳಾಗ್ತದೆ,” ಎಂದರು. “ಇವತ್ತೇ ನಂಬರ್ ಬದಲಾಯಿಸ್ತೀನಿ. ಅತ್ತೆಗೂ ನಾನೇ ಹೇಳ್ಬಿಡ್ತೀನಿ, ಬೇರೆಯೋರ ಬಾಯಿಂದ ಕೇಳೋದು ಬ್ಯಾಡ.” ಎದ್ದು ನಿಂತವರು ಅವಳ ಭುಜ ಮುಟ್ಟಿದರು. “ನೀನು ಬಂದು ಹೇಳ್ದೆ. ಬ್ಯಾರೆ ಯಾರಾದ್ರೂ ಆಗಿದ್ರೆ ಬರ್ತಿರ್ಲಿಲ್ಲ.”

ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಉಷಾರಾಣಿಯ ಕಣ್ಣು ತುಂಬಿತ್ತು. ನಿರಂಜನ್ ಕರ್ಚೀಫು ಚಾಚಿದ.

“ಆ ಫೈಲು ಅಳಿಸಿಬಿಡ್ರಿ,” ಎಂದಳು.

ಅವನ ಮುಖ ಸಪ್ಪಗಾಯಿತು. ಆದರೂ ತಲೆಯಾಡಿಸಿದ. “ಮನೆಗೆ ಹೋದ ಕೂಡ್ಲೆ ಅಳಿಸ್ತೀನಿ.”

“ಓದ್ಬ್ಯಾಡ್ರಿ. ನಾನೇ ಹೇಳ್ತೀನಿ.” ಅವಳು ಕರ್ಚೀಫಿನಿಂದ ಕಣ್ಣೊರೆಸಿಕೊಂಡಳು. “ನೀವು ಬರದ ದಿನ ನಂಗೆ ಸೆಂಟರಿಗೆ ಹೋಗಾಕೆ ಮನಸ್ಸಾಗಲ್ಲ. ನಿಮ್ಮನ್ನ ಬಿಟ್ಟು ಬ್ಯಾರೆ ಯಾರ್ನೂ ನಾನು ಒಲ್ಲೆ.”

ಬೈಕು ಅವನ ಕೈಯಲ್ಲಿ ವಾಲಿತು. ಹೇಗೋ ಹಿಡಿದುಕೊಂಡ. “ಇನ್ನೊಂದ್ಸಲ ಹೇಳ್ರಿ.”

“ಇನ್ನು ಹೇಳೋದು ನಿಮ್ಮ ಪಾಲಿಂದು. ಭಾನುವಾರ ಮನೆಗೆ ಬರ್ರಿ, ನಮ್ಮಪ್ಪನ ಮುಂದೆ ಕುಂತು ಹೇಳ್ರಿ.”

ಅವಳ ಅಪ್ಪ ಬೋರಣ್ಣನ ಸಿಟ್ಟು ಹೊಳಲ್ಕೆರೆಗೆಲ್ಲ ಗೊತ್ತಿತ್ತು.

“ಬರ್ತೀನಿ,” ಎಂದ. ಧ್ವನಿ ನಡುಗುತ್ತಿತ್ತು, ಕಣ್ಣು ಮಾತ್ರ ಅವಳನ್ನು ಬಿಟ್ಟು ಕದಲಲಿಲ್ಲ.