ಎರಡು ಫ್ಯೂಸುಗಳ ಕತ್ತಲೆ

ದಿನಾಂಕ 12-11-1986, ಬುಧವಾರ, ಬೆಳಿಗ್ಗೆ 9.10. ಐರ್ಲೆಂಡಿನ ಗ್ಲೆನ್‌ಮೋರಾ ಪೊಲೀಸ್ ಠಾಣೆಗೆ ಬ್ಯೂಟಿ ಪಾರ್ಲರಿನ ಕನ್ಸೆಪ್ಟಾ ಟೂಮಿ ಕೆಂಡವಾಗಿ ಬಂದಳು.

“ಎರಡು ದಿನದಿಂದ ಸಂಜೆ ಐದೂವರೆಗೆ ಕರೆಂಟ್ ಹೋಗತ್ತೆ, ಹತ್ತು ನಿಮಿಷಕ್ಕೆ ಬರತ್ತೆ. ನಿನ್ನೆ ಪಾದ್ರಿಗಳ ಅಕ್ಕ ಡ್ರೈಯರ್ ಕೆಳಗಿದ್ರು ಸಾರ್ಜೆಂಟ್! ಒದ್ದೆ ತಲೇಲೇ ಎದ್ದು ಹೋದ್ರು. ನನ್ನ ಮರ್ಯಾದೆ ಏನಾಗ್ಬೇಕು?”

ಸಾರ್ಜೆಂಟ್ ಫಿಂಟನ್ ಹೆಗಾರ್ಟಿ ನಗು ನುಂಗಿಕೊಂಡು ಎಫ್‌ಐಆರ್ ಬರೆದ.

10.30ಕ್ಕೆ ವಿದ್ಯುತ್ ಮಂಡಳಿಯ ಎಂಜಿನಿಯರ್ ಸಮ್ಮುಖದಲ್ಲಿ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಪಂಚನಾಮೆ ನಡೆಯಿತು. ದೊಡ್ಡ ಲೈನಿನ ಕರೆಂಟು ಇಲ್ಲಿಂದ ಮೂರು ಫೇಸುಗಳಾಗಿ, ಫೇಸಿಗೊಂದು ಫ್ಯೂಸಿನ ಮೂಲಕ, ಮನೆಮನೆಗೆ ಹೋಗುತ್ತದೆ. ಬೀಗ ಒಡೆದಿರಲಿಲ್ಲ. ಎರಡು ಫ್ಯೂಸುಗಳ ಹಿಡಿಯ ಮೇಲೆ ಧೂಳಿರಲಿಲ್ಲ. ಮೂರನೆಯದನ್ನು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ.

ಕಾನ್‌ಸ್ಟೆಬಲ್ ಬ್ರೀಡ್ ಬೀದಿಯೆಲ್ಲ ವಿಚಾರಿಸಿ ಬಂದಳು. “ಮೂರು ಮನೆಗೊಂದರಲ್ಲಿ ಕರೆಂಟ್ ಹೋಗೇ ಇಲ್ಲ ಸರ್. ಅದ್ರಲ್ಲೊಂದು ಕ್ರೋನಿನ್ ತಾತಂದು. ಅವರು ಆಕ್ಸಿಜನ್ ಮಷೀನ್ ಮೇಲಿದ್ದಾರೆ.”

“ಅಂದ್ರೆ ತಾತನ ಫೇಸು ಬೇಕಂತಲೇ ಬಿಟ್ಟಿದ್ದಾರೆ. ಯಾವ ಮನೆ ಯಾವ ಫೇಸು, ನಕ್ಷೇಲಿದೆಯಾ?” ಹೆಗಾರ್ಟಿ ಕೇಳಿದ.

ಎಂಜಿನಿಯರ್ ತಲೆ ಕೆರೆದುಕೊಂಡ. “ಇಲ್ಲ. ಲೈನ್ ಎಳೆದವರಿಗೇ ಗೊತ್ತು.”

ಅದು ಯಾರೆಂದು ಹೆಗಾರ್ಟಿಗೆ ಹೇಳಬೇಕಿರಲಿಲ್ಲ. 1954ರ ಆ ಸಂಜೆ ಆರು ವರ್ಷದ ಅವನು ಅಮ್ಮನ ಕೈಹಿಡಿದು ಇದೇ ಬೀದಿಯಲ್ಲಿ ನಿಂತಿದ್ದ. ಲೈನ್‌ಮನ್ ಫೆಲಿಮ್ ಡೆವೇನ್ ಫ್ಯೂಸು ಹಾಕಿದ್ದೇ ತಡ, ಊರಿಗೂರೇ ಬೆಳಗಿತ್ತು. ಮನೆಗೆ ಬಂದ ಅಮ್ಮ ಆ ಬೆಳಕಲ್ಲಿ ಜೇಡರ ಬಲೆ ಕಂಡು ನಾಚಿ, ಪೊರಕೆ ಹಿಡಿದಿದ್ದಳು. ಅಂಥ ಸಂಜೆ ಮತ್ತೆ ಬರಲಿಲ್ಲವಲ್ಲ ಎಂದುಕೊಂಡ.

ಸಂಜೆ 5.30. ಮರೆಯಲ್ಲಿದ್ದ ಪೊಲೀಸರ ಕಣ್ಣೆದುರೇ ಊರಿನ ಬಹುಪಾಲು ಕತ್ತಲಾಯಿತು. ಪೆಟ್ಟಿಗೆಯ ಮುಂದೆ ನಿವೃತ್ತ ಫೆಲಿಮ್, ಕೈಯಲ್ಲಿ ಎರಡು ಫ್ಯೂಸು.

“ಕೀಲಿ ಎಲ್ಲಿಂದ ಬಂತು?”

“ರಿಟೈರಾದಾಗ ವಾಪಸ್ ಕೇಳಲೇ ಇಲ್ಲ.”

“ಯಾಕಿದೆಲ್ಲ, ಫೆಲಿಮ್ ಮಾಮ?”

ಮುದುಕ ಗುಡ್ಡದ ಮೇಲಿನ ತನ್ನ ಮನೆಯತ್ತ ಕೈಮಾಡಿದ. “ನನ್ನ ಹನೋರಾಗೆ ಇನ್ನೇನು ನಾಲ್ಕು ದಿನ ಅಂದಿದ್ದಾರೆ ಡಾಕ್ಟರು. ಊರು ಒಟ್ಟಿಗೆ ಬೆಳಗೋದನ್ನ ಇನ್ನೊಂದ್ಸಲ ನೋಡ್ಬೇಕಂತೆ. ಸೋಮವಾರ ಮಂಜು ಮುಚ್ಚಿತ್ತು. ನಿನ್ನೆ ಅವಳಿಗೆ ನಿದ್ದೆ ಹತ್ತಿಬಿಡ್ತು. ಇವತ್ತು ಅವಳ ತಂಗಿ ಕಿಟಕಿ ಪಕ್ಕ ಕೂರಿಸಿಕೊಂಡಿದ್ದಾಳೆ. ಇದಿಷ್ಟು ಹಾಕ್ಬಿಡ್ತೀನಿ, ಆಮೇಲೆ ಎಳ್ಕೊಂಡು ಹೋಗಪ್ಪ.”

“ಸರ್, ಫ್ಯೂಸು ಜಪ್ತಿ ಮಾಡ್ಬೇಕಲ್ವಾ?” ಬ್ರೀಡ್ ಪಿಸುಗುಟ್ಟಿದಳು.

“ನಾಳೆ ಮಾಡೋಣ,” ಎಂದು ಹೆಗಾರ್ಟಿ ಟಾರ್ಚ್ ಹಿಡಿದು ನಿಂತ.

5.40ಕ್ಕೆ ದೀಪ ಬಂತು. 5.41ಕ್ಕೆ ಫೆಲಿಮ್‌ನ ಬಂಧನವಾಯಿತು.

6.20ಕ್ಕೆ ಠಾಣೆಗೆ ಹನೋರಾಳ ತಂಗಿಯ ಫೋನ್ ಬಂತು. “ನೋಡಿದಳು. ಚಪ್ಪಾಳೆ ತಟ್ಟಿದಳು ಅಂತ ಭಾವನಿಗೆ ಹೇಳಿ.” ಹೆಗಾರ್ಟಿ ಹೇಳಿದ. ಬೆಂಚಿನ ಮೇಲಿದ್ದ ಫೆಲಿಮ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಜಾಮೀನಿನ ಕಾಗದಕ್ಕೆ ಸಹಿ ಹಾಕಿಸಿ, ಅವನನ್ನು ಜೀಪಿನಲ್ಲಿ ಮನೆಗೆ ಬಿಟ್ಟುಬರಲು ಬ್ರೀಡ್‌ಗೆ ಹೇಳಿದ ಮೇಲೆ ಹೆಗಾರ್ಟಿ ವರದಿ ಬರೆಯಲು ಕೂತ. ಕೃತ್ಯದ ಕಾರಣ ಎಂಬಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ ಬರೆದ: ಹೆಂಡತಿ ಕೇಳಿದಳು.