ಒಪ್ಪಿಗೆಯ ಕೆಂಪು ಗೆರೆ

ಜರ್ವಾನ ದೇಶದ ಸರ್ವಾಧಿಕಾರಿ ಟಿ.ವಿ. ಕ್ಯಾಮೆರಾಗಳ ಮುಂದೆ ತನ್ನ ಹದಿನಾಲ್ಕು ಸೇನಾಪತಿಗಳನ್ನು ಕೇಳಿದ: “ಗಡಿಯ ವಿಚಾರ ನನಗೆ ಬಿಡುತ್ತೀರಾ?” ಒಬ್ಬೊಬ್ಬರೂ ಎದ್ದು “ಒಪ್ಪಿಗೆ” ಎಂದು ಕೂತರು. ಮೂರು ಬೀದಿ ಆಚೆ, ಭಾರತದ ರಾಯಭಾರ ಕಚೇರಿಯಲ್ಲಿ, ಧಾರವಾಡದ ವಿಜ್ಞಾನಿ ವಾರಿಜಾ ಹೆಬ್ಳೀಕರ ಅವರ ಯಂತ್ರ ಆ ದನಿಗಳನ್ನು ಟಿ.ವಿ.ಯಿಂದ ಕೇಳಿಸಿಕೊಂಡು ಕಾಗದದ ಪಟ್ಟಿ ಉಗುಳುತ್ತಿತ್ತು. ಮನಸ್ಸಿಲ್ಲದೆ ಹೂಂ ಅನ್ನುವವನ ಗಂಟಲಿನ ಸ್ನಾಯು, ಕಿವಿಗೆ ಸಿಕ್ಕದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕವೇ ಪಟ್ಟಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತಿತ್ತು.

“ಹನ್ನೆರಡು ಮಂದಿಗೆ ಮನಸಿಲ್ರಿ,” ಎಂದರು ವಾರಿಜಾ.

ರಾಯಭಾರಿ ಮುತ್ತಣ್ಣನವರ ಮುಖ ಅರಳಿತು. “ಹಾಗಾದ್ರೆ ಯುದ್ಧ ಆಗಲ್ಲ. ಅವರೇ ತಡೀತಾರೆ. ಯಶವಂತ್, ಹಾಗೇ ಬರೀರಿ.”

“ನಾ ಹೇಳಿದ್ದು ಹಂಗಲ್ರಿ ಸರ್. ಇದು ಧೈರ್ಯ ಅಲ್ಲ, ಅಂಜಿಕಿ. ಅಂಜಿದವರು ತಡಿಯೂದಿಲ್ಲ, ಹೇಳಿದ್ದು ಮಾಡ್ತಾರ.”

ವರದಿಯ ಕರಡು ಬರೆಯುವ ಕಾರ್ಯದರ್ಶಿ ಯಶವಂತ ಬೇಕಲನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಗಡಿಯೂರಿನ ಆಸ್ಪತ್ರೆಯಲ್ಲಿ ನಮ್ಮ ಇನ್ನೂರು ನರ್ಸುಗಳಿದ್ದರು. ಅವರನ್ನು ಕೂಡಲೇ ಕರೆಸಿಕೊಳ್ಳಬೇಕೆಂದು ಕೊನೆಗೆ ಒಂದು ಸಾಲು ಸೇರಿಸಿದ. ಮುತ್ತಣ್ಣ ಅದನ್ನು ಹೊಡೆದುಹಾಕಿದರು. ದೆಹಲಿಗೆ ಗಾಬರಿಯ ವರದಿ ಹಿಡಿಸುವುದಿಲ್ಲ, ಗಾಬರಿಪಡಿಸಿದ ಅಧಿಕಾರಿಯಂತೂ ಬೇಡವೇ ಬೇಡ.

ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ಕಳಿಸುವ ಮುಂಚೆ ರಾಯಭಾರಿ ವರದಿಯನ್ನು ಗಟ್ಟಿಯಾಗಿ ಓದಿ, ಮೇಜಿನ ಸುತ್ತಲಿದ್ದ ಆರು ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಕೇಳುತ್ತಿದ್ದರು. ಐವರು ಒಪ್ಪಿಗೆ ಎಂದರು. ಆರನೆಯವನು ಯಶವಂತ. ಅವನಿಗೆ ಜಿನೀವಾಕ್ಕೆ ವರ್ಗವಾಗಬೇಕಿತ್ತು, ಶಿಫಾರಸು ಬರೆಯಬೇಕಾದವರು ಮುತ್ತಣ್ಣ. “ಒಪ್ಪಿಗೆ ಸರ್,” ಎಂದ.

ಒಂಬತ್ತನೆಯ ದಿನ ಆ ಹನ್ನೆರಡು ಮಂದಿಯ ಟ್ಯಾಂಕುಗಳೇ ಮೊದಲು ಗಡಿ ದಾಟಿದವು. ಎದುರಿನವರು ಹಾರಿಸಿದ ಶೆಲ್ಲು ಆಸ್ಪತ್ರೆಗೆ ಬಿತ್ತು. ಮೂವತ್ತೊಂದು ನರ್ಸುಗಳು ಸತ್ತರು. ಅವರಲ್ಲೊಬ್ಬಳು ಪಾಸ್‌ಪೋರ್ಟ್ ನವೀಕರಿಸಿಕೊಟ್ಟದ್ದಕ್ಕೆ ಯಶವಂತನಿಗೆ ಹಲಸಿನ ಚಿಪ್ಸ್ ಕೊಟ್ಟಿದ್ದಳು. ಖಾಲಿ ಡಬ್ಬಿ ಅವನ ಡ್ರಾಯರಿನಲ್ಲೇ ಇತ್ತು.

ದೆಹಲಿಯ ವಿಚಾರಣೆಯಲ್ಲಿ ವಾರಿಜಾ ತಮ್ಮ ಯಂತ್ರ ತಂದಿಟ್ಟು, ಎರಡು ಪಟ್ಟಿ ಹರಡಿದರು. ಎರಡರಲ್ಲೂ ಆರಾರು ಗೆರೆಗಳಿದ್ದವು.

“ಒಂದು ಆ ಸೇನಾಪತಿಗಳ ಪಟ್ಟಿಯಿಂದ ಆರು ಗೆರಿಯಷ್ಟು ಕತ್ತರಿಸಿದ್ದು, ಒಂದು ನಮ್ಮ ಮೇಜಿಂದು. ಅವತ್ತ ನಾ ಯಂತ್ರ ಬಂದ್ ಮಾಡೂದು ಮರತಿದ್ದೆ. ಯಾವುದು ಯಾರದು, ನೀವ ಹೇಳ್ರಿ.”

ಸದಸ್ಯರು ಪಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಯಶವಂತನಿಗೆ ಗೊತ್ತಾಯಿತು. ಒಂದು ಪಟ್ಟಿಯ ಕೊನೆಯ ಗೆರೆ ಎಲ್ಲಕ್ಕಿಂತ ಕೆಂಪಾಗಿತ್ತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಈ ಪಟ್ಟಿಗಳ ವಿಷಯ ವರದಿಯಲ್ಲಿ ಬೇಡ. ಎಲ್ಲರಿಗೂ ಒಪ್ಪಿಗೆ...” ಎನ್ನುತ್ತಿದ್ದವರು ಯಂತ್ರದ ದೀಪ ಉರಿಯುತ್ತಿರುವುದನ್ನು ಕಂಡು ನಿಲ್ಲಿಸಿದರು. “ಮೊದಲು ಅದನ್ನು ಆಫ್ ಮಾಡಿ.”

ಸ್ವಿಚ್ಚು ಯಶವಂತನ ಕೈಗೆ ಹತ್ತಿರವಿತ್ತು. ಅವನು ಆಫ್ ಮಾಡಿದ.